ಗೀರು

ಮೊದಲು ಗಾಯ ಮಾಡಬೇಕು.
ನಿಜ್ವಾದ ಈ ಲ್ಯಾಬಿನಲ್ಲಿ, ಬೆಳಿಗ್ಗೆ ಎಂಟಕ್ಕೆ, ಅದೇ ನನ್ನ ಕೆಲಸ:
ತಟ್ಟೆಯ ತಳದಲ್ಲಿ ಒಂದಕ್ಕೊಂದು ಆತು ಮಲಗಿದ
ಚರ್ಮದ ಕೋಶಗಳ ನಡುವೆ
ಪಿಪೆಟ್ಟಿನ ತುದಿಯಿಂದ ನೆಟ್ಟಗೆ ಒಂದು ಗೀರು.
ಕೈ ನಡುಗಬಾರದು. ಸೊಟ್ಟ ಗೀರು ಲೆಕ್ಕಕ್ಕೆ ಬಾರದು.

ಆಮೇಲೆ ಎಲೆ.
ಖಲ್ಫಾನ್ ವಾದಿಯ ದಂಡೆಯಿಂದ ಕೊಯ್ದು ತರುತ್ತಾನೆ
ಹಿಟ್ಟಿನ ಚೀಲದಲ್ಲಿ, ಮುಳ್ಳು ಸಮೇತ.
ಅವನು ಸಿದ್ರ್ ಅನ್ನುತ್ತಾನೆ, ನಾನು ಬೋರೆ ಅನ್ನುತ್ತೇನೆ,
ಫ್ರೀಜರಿನ ಚೀಟಿ ಇಬ್ಬರ ಮಾತೂ ಕೇಳದೆ
ಎನ್-೪೧ ಅನ್ನುತ್ತದೆ.
ನೆರಳಲ್ಲಿ ಒಣಗಿಸಿ, ಪುಡಿ ಮಾಡಿ,
ಮೂರು ದಿನ ಎಥನಾಲಿನಲ್ಲಿ ನೆನೆಸಿ, ಸೋಸಿ, ಬತ್ತಿಸಿದರೆ
ಒಂದು ಚೀಲಕ್ಕೆ ಎರಡು ಚಮಚ
ಕರಿಬೆಲ್ಲದ ಪಾಕದಂಥ ಅಂಟು.
ವಾಸನೆಗೆ ಮಾತ್ರ ಇನ್ನೂ ಯಾರೂ ನಂಬರು ಕೊಟ್ಟಿಲ್ಲ.

ಆ ವಾಸನೆ ನನಗೆ ಗೊತ್ತು.
ಉಳ್ಳಾಲದಲ್ಲಿ ಉಮ್ಮಾನ ಉಮ್ಮ
ಮಯ್ಯತ್ತು ಮೀಯಿಸಲು ಕರೆ ಬಂದಾಗೆಲ್ಲ
ಇದೇ ಎಲೆ ಅರೆದು ನೀರಿಗೆ ಕಲಸುತ್ತಿದ್ದಳು.
ನೊರೆ ಏಳುತ್ತಿತ್ತು.
ಸತ್ತವರಿಗೂ ನೊರೆ ಬೇಕಾ ಅಂತ ಕೇಳಿದ್ದೆ,
ಬಾಗಿಲ ಸಂದಿನಲ್ಲಿ ನಿಂತು, ಏಳು ವರ್ಷದವಳು.
ಉತ್ತರ ಕೊಡಲಿಲ್ಲ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟುಕೊಂಡು
ಬಿಸಿ ಜಾಸ್ತಿಯಾಯಿತು, ತಣ್ಣೀರು ತಾ ಅಂದಳು.

ಆರು ಗಂಟೆಗೊಮ್ಮೆ ಫೋಟೋ.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಿಂದ ತೆಗೆದು
ಮಸೂರದ ಕೆಳಗಿಟ್ಟರೆ
ಅಂಚಿನ ಕೋಶಗಳು ಆಗಲೇ ಹೊರಟಿರುತ್ತವೆ,
ಕರೆಂಟು ಹೋದ ಮನೆಯಲ್ಲಿ
ಗೋಡೆ ತಡವುತ್ತ ಬರುವವರ ಹಾಗೆ.
ಇಪ್ಪತ್ತೈದು ಮೈಕ್ರೋಗ್ರಾಮಿಗೆ ಕೊಂಚ ಚುರುಕು,
ಐವತ್ತಕ್ಕೆ ಓಟ.
ಇನ್ನೂರಕ್ಕೆ ಎಲ್ಲವೂ ಮುದುರಿ, ತಳ ಬಿಟ್ಟು, ತೇಲುತ್ತವೆ.
ಅದೇ ಎಲೆ, ಅದೇ ಅಂಟು.
ಸತ್ತದ್ದನ್ನೂ ಬರೆದುಕೋ, ಅನ್ನುತ್ತಾರೆ ಡಾಕ್ಟರ್ ತುರಯ್ಯಾ,
ತಲೆ ಎತ್ತದೆ, ಖರ್ಜೂರದ ಬೀಜ ಅಂಗೈಗೆ ಉಗಿಯುತ್ತ.

ನೆಲ ಒರೆಸುವ ಮೊತಾಲಿಬನ ಹಿಮ್ಮಡಿಯಲ್ಲಿ
ಎರಡು ತಿಂಗಳಿಂದ ಒಣಗದ ಹುಣ್ಣು. ಸಕ್ಕರೆ ಕಾಯಿಲೆ.
ಗಾಯ ವಾಸಿ ಮಾಡುವ ಮದ್ದು ಇಲ್ಲೇ ಇದೆಯಂತಲ್ಲ,
ಒಂದು ಚಮಚ ಕೊಡು ಆಪಾ, ಅಂದ.
ಇದು ಕೋಶಗಳಿಗೆ, ಮನುಷ್ಯರಿಗಲ್ಲ ಅಂದೆ.
ಹೇಳಿದ ಮೇಲೆ ಆ ಮಾತು
ನನ್ನ ಬಾಯಲ್ಲೇ ಎಥನಾಲಿನ ಹಾಗೆ ಉರಿಯಿತು.
ಆಸ್ಪತ್ರೆಗೆ ಚೀಟಿ ಬರೆಸಿಕೊಟ್ಟೆ.
ಖಲ್ಫಾನನ ತಾಯಿ ಯಾರನ್ನೂ ಕೇಳಲಿಲ್ಲ.
ಹಸಿ ಎಲೆ ಅರೆದು, ಜೇನು ಹಚ್ಚಿ, ಹಳೇ ಮಸ್ಸರ್‌ನ ತುಂಡು ಸುತ್ತಿ ಕಳಿಸಿದಳು.
ಹುಣ್ಣು ಒಣಗಿತು.
ಎಲೆಯಿಂದಲೋ, ಆಸ್ಪತ್ರೆಯ ಗುಳಿಗೆಯಿಂದಲೋ,
ಯಾರೋ ಕಾಲು ಹಿಡಿದು ಕೂತದ್ದರಿಂದಲೋ.
ಒಬ್ಬ ಮನುಷ್ಯ ಪುರಾವೆಯಲ್ಲ, ಅಂದರು ಡಾಕ್ಟರ್.
ಹೌದು ಅಂದೆ. ಆದರೂ ಅವನು ಬಕೆಟ್ಟು ಹಿಡಿದು ಹೋಗುವಾಗ
ಹಿಮ್ಮಡಿಯನ್ನೇ ಕದ್ದು ನೋಡುತ್ತೇನೆ.

ಒಂದು ತಟ್ಟೆಗೆ ನಾವು ಏನೂ ಕೊಡುವುದಿಲ್ಲ.
ಹೋಲಿಕೆಗೆ ಇಟ್ಟದ್ದು. ಗೀರು ಮಾತ್ರ ಅಷ್ಟೇ ಆಳ.
ಅದೂ ಮುಚ್ಚಿಕೊಳ್ಳುತ್ತದೆ.
ನಿಧಾನ. ನಲವತ್ತೆಂಟನೇ ಗಂಟೆಗೆ
ಗೆರೆ ಎಲ್ಲಿತ್ತೆಂದು ನಾನೇ ಹುಡುಕಬೇಕು.
ವರದಿಯಲ್ಲಿ ಅದಕ್ಕೆ ಒಂದೇ ಸಾಲು.

ಉಮ್ಮಾನ ಉಮ್ಮನನ್ನು ಯಾರು ಮೀಯಿಸಿದರೋ
ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.
ಆವತ್ತು ಹನ್ನೆರಡನೇ ಗಂಟೆಯ ಫೋಟೋ ಮಸುಕಾಗಿತ್ತು,
ತೆಗೆದುಹಾಕಿದೆವು.

ಈಗ ಎಂಟು ಗಂಟೆ. ಹೊಸ ತಟ್ಟೆ.
ದ್ರವದ ಬಾಟಲಿಯನ್ನು ನೀರಿನ ತೊಟ್ಟಿಯಿಂದ ತೆಗೆದು
ಕೈಗವಸು ಮುಗಿದು ಕೋಟಿನ ತೋಳು ಶುರುವಾಗುವ ನಡುವೆ
ಎರಡು ಬೆರಳು ಬರಿ ಚರ್ಮಕ್ಕೆ ಒತ್ತಿ ನೋಡುತ್ತೇನೆ.
ಥರ್ಮಾಮೀಟರಿದೆ.
ಆದರೂ.