ಆರರ ಆಟದ ಅನ್ನ

ಪರೇಲಿನ ನಮ್ಮ ಚಾಳಿಗೂ ಶಾಲಿನಿ ಟಾಕೀಸಿಗೂ
ಒಂದೇ ಗೋಡೆ.
ಅಮ್ಮನಿಗೆ ಗಡಿಯಾರ ಬೇಕಿರಲಿಲ್ಲ:
ನಾಯಕಿ ಅತ್ತಾಗ ಅಕ್ಕಿ ತೊಳೆದು
ಇಂಟರ್ವಲ್ ಗಂಟೆಗೆ ಸ್ಟವ್ವಿಗಿಟ್ಟು
ಹೊಡೆದಾಟ ಶುರುವಾದರೆ ಇಳಿಸುತ್ತಿದ್ದಳು.

ಶುಕ್ರವಾರ ಮಾತ್ರ
ಹೊಸ ಪಿಕ್ಚರು, ಅನ್ನ ಮುದ್ದೆ.
ಹೋಟೆಲಿನಿಂದ ಬಂದ ಅಪ್ಪ ತಟ್ಟೆ ನೋಡಿ
‘ಹೊಡೆದಾಟ ತಡವಾಯ್ತಾ?’ ಅನ್ನುತ್ತಿದ್ದ.

ನಾನೋ, ಇಟ್ಟಿಗೆಗೆ ಕಿವಿ ಹಚ್ಚಿ
ಆಚೆಯವರಿಗೆಲ್ಲ ಮುಖ ಹಂಚುತ್ತಿದ್ದೆ.
ಖಳನಿಗೆ ಬಾಡಿಗೆ ವಸೂಲಿಯ ಕದಮನದು,
ಅಳುವವಳಿಗೆ
ಎದುರು ಖೋಲಿಯ ಶೇವಂತಾಬಾಯಿಯದು.

ಹನ್ನೊಂದು ತುಂಬಿದ ವರ್ಷ
ಗೇಟಿನ ಪಾಸ್ಕಲ್ ಒಂದು ಸಂಜೆ
ಬಿಟ್ಟಿಯಾಗಿ ಕತ್ತಲೊಳಗೆ ನೂಕಿದ.
ಪರದೆಯ ಮೇಲೆ ಯಾರೋ ಬೆಳ್ಳಗಿನವಳು
ನಮ್ಮ ಶೇವಂತಾಬಾಯಿಯ ಅಳು
ಅಳುತ್ತಿದ್ದಳು.

ಎದ್ದು ಓಡಿ ಬಂದೆ.
ಅಮ್ಮನ ಕೈ ಇನ್ನೂ
ಅಕ್ಕಿಯ ನೀರಲ್ಲೇ ಇತ್ತು.