ಸಾಯಂಕಾಲದ ತನಕ

ಭಾಲ್ಕಿ ಹಾದಿಯ ತಗಡಿನ ಚರ್ಚಿನಲ್ಲಿ
ಪಾದ್ರಿ ಸ್ವಾಮಿದಾಸರು ಮೋಶೆಯ ನೇಮ ಓದುತ್ತಿದ್ದರು:
ಗೊರಸು ಸೀಳಿದ್ದು, ಮೆಲುಕು ಹಾಕುವುದು,
ರೆಕ್ಕೆಯಿದ್ದೂ ತಿನ್ನಬಾರದ್ದು,
ಗೋಡೆಗೆ ಬೂಸಲು ಹತ್ತಿದರೆ ಯಾರಿಗೆ ಹೇಳಬೇಕು.
ನನಗೆ ತೂಕಡಿಕೆ. ತೊಗರಿ ರಾಶಿಯ ಧೂಳು
ಕಣ್ಣೊಳಗೆ ಇನ್ನೂ ಚುಚ್ಚುತ್ತಿತ್ತು.

ಆಗ ಬಂತು ಆ ಮಾತು:
ಸತ್ತ ದನ ಹೊತ್ತವನು ಬಟ್ಟೆ ಒಗೆದುಕೊಳ್ಳಬೇಕು,
ಸಾಯಂಕಾಲದ ತನಕ ಮೈಲಿಗೆ.

ಘಾಳೆಪ್ಪ ಮುತ್ಯಾ ಎದ್ದು ನಿಂತ,
ಆಮೆನ್ ಬಿಟ್ಟರೆ ಅಲ್ಲಿ ಬಾಯಿ ತೆರೆಯದವ.
"ಅದೊಂದು ಇನ್ನೊಮ್ಮೆ ಓದ್ರಿ ಅಯ್ಯನೋರೆ."
ಓದಿದರು.
"ಸಾಯಂಕಾಲದ ತನಕ ಅಷ್ಟೇ ಏನ್ರೀ?
ಹೊತ್ತು ಮುಣುಗಿದ ಮ್ಯಾಲ?"
"ಮೇಲೆ ಏನಿಲ್ಲ. ಶುದ್ಧ."

ಕೂತ. ಕೈಗಳನ್ನು ಪೊರೆಗಣ್ಣಿನ ಹತ್ತಿರ ತಂದುಕೊಂಡ:
ಪಾಟೀಲರ ಎತ್ತು, ಕುಲಕರ್ಣಿಯ ಎಮ್ಮೆ ಸುಲಿದ ಕೈ,
ಸುಣ್ಣಕ್ಕೂ ತಂಗಡಿ ತೊಗಟೆಗೂ ಉಗುರು ಕಂದಿದ್ದು.
ಅವರಪ್ಪನ ಕೈಯೂ ಹೀಗೇ ಇತ್ತಂತೆ.
ಎಷ್ಟು ಸಲ ಹೊತ್ತು ಮುಳುಗಿತ್ತು ಮಾಂಜ್ರಾದ ಆಚೆ,
ಊರ ಬಾವಿಗೆ ಒಂದು ಸಲವೂ ಸುದ್ದಿ ಮುಟ್ಟಲಿಲ್ಲ.

"ಆ ಮಂದಿ ಡೇರೆದಾಗ ಇರ್ತಿದ್ರಂತ," ಅಂದ ದಾರಿಯಲ್ಲಿ,
"ನೀರಿಗೂ ಬರ. ಆದ್ರೂ ಸಂಜಿ ಆಗ್ತಿತ್ತು ನೋಡು ಅವ್ರಿಗಿ."

ಅವತ್ತು ಅವನು ಧೋತರ ತಾನೇ ಒಗೆದ.
ಚರ್ಮ ಮುಟ್ಟಿ ಇಪ್ಪತ್ತು ವರ್ಷ ಆಗಿತ್ತು,
ಸತ್ತ ದನಕ್ಕೆ ಈಗ ಬೀದರಿನಿಂದ ಟೆಂಪೋ ಬರುತ್ತದೆ.
ಒಗೆದ, ಹಿಂಡಿದ, ಜಾಲಿಯ ಮೇಲೆ ಹರವಿದ,
ತಾನೂ ಎರಡು ಕೊಡ ಹೊಯ್ದುಕೊಂಡು
ಬಾಗಿಲ ಕೆಂಪು ಕಲ್ಲಿನ ಮೇಲೆ ಪಡುವಲಿಗೆ ಮುಖ ಮಾಡಿ ಕೂತ.

"ಹೊತ್ತು ಮುಣುಗಿತೇನು?"
"ಇನ್ನೂ ಇಲ್ಲ ಮುತ್ಯಾ. ಬೇವಿನ ಗಿಡದ ಮ್ಯಾಲ ಅದ."
"ಇರಲಿ. ಅವಸರ ಇಲ್ಲ," ಅಂದ.
ಕೈಗಳು ಮಂಡಿಯ ಮೇಲೆ ಅಂಗಾತ ಇದ್ದವು,
ಒದ್ದೆ.