ಗಾಜಿಗೆ ಮಡಿಕೆ ಇಲ್ಲ

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ,
ಹನ್ನೆರಡು ಎಂಎಂ ಗಾಜು.
ನಾಲ್ಕು ಜನ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದಾಗ
ಉರುಕುಂದಮ್ಮ ಕೇಳಿದ್ದು ಒಂದೇ:
'ಒಂಬತ್ತು ದಿನಕ್ಕೊಮ್ಮೆ ನಳ ಬರೋ ಓಣಿಯಾಗ
ಇದಕ್ಕ ನೀರು ಯಾರಪ್ಪ ತಂದು ಸುರಿತಾನ?'

ಕೌಲ್‌ಬಜಾರಿನಲ್ಲಿ ಇಪ್ಪತ್ತೆರಡು ವರ್ಷ
ಜೀನ್ಸ್ ಕತ್ತರಿಸಿದ ಕೈ ಇದು.
ಉಗುರಿನ ಬುಡದ ನೀಲಿ ಯಾವ ಸೋಪಿಗೂ ಬಗ್ಗಿಲ್ಲ.
ನನಗೂ ಒಂದು ಆಸೆ ಇರಬಾರದೇ,
ಅದೂ ಹಲ್ಲಿರುವ ಆಸೆ?
ಮಿಣುಮಿಣುಕುವ ಪುಟಾಣಿ ಮೀನು ಮಕ್ಕಳಿಗೆ ಸರಿ.
ನನಗೆ ಬೇಕಾದ್ದು
ಎದುರು ನಿಂತರೆ ತಿರುಗಿ ನೋಡುವಂಥದ್ದು.

ದಾದಾಪೀರನ ಅಂಗಡಿಯಲ್ಲಿ
ಕಿರುಬೆರಳಷ್ಟಿತ್ತು ಆ ರೆಡ್‌ಟೇಲ್.
ಬಿಳಿ ಹೊಟ್ಟೆ, ಕೆಂಪು ಬಾಲ, ಬೆಕ್ಕಿನ ಮೀಸೆ.
ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ
ಮೊದಲ ಸಲ ಬಸ್ಸು ಹತ್ತಿದ ಕೂಸಿನ ಹಾಗೆ
ಕಣ್ಣು ಬಿಟ್ಟುಕೊಂಡು ಸುಮ್ಮನಿತ್ತು.
'ಎಷ್ಟು ಬೆಳೀತದ?'
ದಾದಾಪೀರ ಸುಳ್ಳು ಹೇಳಲಿಲ್ಲ,
ಹೇಳಿದ್ದರೆ ಅವತ್ತೇ ಮಾರಾಟವಾಗುತ್ತಿತ್ತು.
ಎರಡೂ ಕೈ ಚಾಚಿದ. ಸಾಲದೆ
ಕೌಂಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದ.
'ಬಾಯಾಗ ಹಿಡಿಯೋದೆಲ್ಲ ಅದಕ್ಕ ಊಟ, ಮಾಸ್ಟರ್.
ಇವತ್ತಿನ ಗೆಳೆಯ, ನಾಳಿನ ನಾಷ್ಟಾ.'

ಅರೊವಾನಾ ಆದರೆ ಮುಚ್ಚಳದ ಮೇಲೆ ಕಲ್ಲು ಹೇರಬೇಕು.
ಗಾದಿಲಿಂಗನ ಮನೆಯಲ್ಲಿ ನಡುರಾತ್ರಿ ಜಿಗಿದು,
ಅವನ ತಾಯಿ ಕತ್ತಲಲ್ಲಿ ತುಳಿದು,
ಹಾವೆಂದು ಓಣಿಯನ್ನೆಲ್ಲ ಎಬ್ಬಿಸಿದ್ದಳು.
ಮೊಸಳೆ ಮೂತಿಯದರ ಮಾತೇ ಬೇಡ ಅಂದ.
ಕೊರಮೀನು ಸಾಕೋಣವೆಂದರೆ
ಅದನ್ನು ಕಂಡಾಗಲೆಲ್ಲ ನನಗೆ ಹುಣಸೆಹುಳಿಯೇ ನೆನಪು.

ಉರುಕುಂದಮ್ಮನ ಲೆಕ್ಕ ಬೇರೆ:
'ಶ್ರಾವಣದಾಗ ಏನು ಹಾಕ್ತಿ ಅದಕ್ಕ?'
ನನಗೆ ಉತ್ತರ ತಿಳಿದಿರಲಿಲ್ಲ.
ಈಗಲೂ ತಿಳಿದಿಲ್ಲ.

ಮರುದಿನ ಯೂನಿಟ್ಟಿನಲ್ಲಿ ಕರೆಂಟ್ ಹೋದಾಗ
ಮೇಜಿನ ಮೇಲೆ ಕಂದು ಕಾಗದ ಹಾಸಿ
ಚಾಕಿನಲ್ಲಿ ಬರೆದೆ, ಮೀಸೆಯ ಬುಡದಿಂದ ಬಾಲದ ತುದಿಗೆ
ನಾಲ್ಕಡಿ. ಹೊಟ್ಟೆಯ ಸುತ್ತಳತೆ ಮೂವತ್ನಾಲ್ಕು.
'ನನ್ನ ಸೈಜು, ಮಾಸ್ಟರ್' ಅಂತ ನಕ್ಕ ಎರ್ರಿಸ್ವಾಮಿ.
ಕತ್ತರಿಸಿ, ಸುರುಳಿ ಸುತ್ತಿ, ಸ್ಕೂಟರಿನಲ್ಲಿ ತಂದು
ಖಾಲಿ ಗಾಜಿನೊಳಗೆ ನಿಲ್ಲಿಸಿದೆ.
ಉದ್ದಕ್ಕೆ ಸರಿ.
ತಿರುಗಿಸಿದೆ.
ಬಾಲ ಮಡಚಿತು.
ಆ ಕಡೆಯಿಂದ ತಿರುಗಿಸಿದೆ,
ಮೂತಿ ಮಡಚಿತು.

ಬೆಳೆಯುವ ಹುಡುಗರ ಪ್ಯಾಂಟಿಗೆ
ಕೆಳಗೆ ಎರಡಿಂಚು ಒಳಮಡಿಕೆ ಬಿಡುತ್ತೇನೆ ನಾನು,
ಮುಂದಿನ ಜೂನಿಗೆ ತಾಯಿ ಬಿಚ್ಚಿಕೊಳ್ಳಲಿ ಎಂದು.
ಗಾಜಿಗೆ ಏನು ಬಿಚ್ಚುವುದು?

ಆಸ್ಕರ್ ಎರಡು ಹೇಳಿ ಬಂದೆ,
ಕರಿ ಮೈಗೆ ಯಾರೋ ಕೆಂಡ ಎರಚಿದ ಹಾಗಿರುವುವು.
ಹದಿನಾಲ್ಕಿಂಚಿಗೆ ನಿಲ್ಲುತ್ತವಂತೆ.
ಕೈಯಿಂದಲೇ ತಿಂದು, ಸಿಟ್ಟು ಬಂದರೆ ಒಂದು ಮಗ್ಗುಲಿಗೆ ಮಲಗಿ
ಯಾರ ಮುಖವನ್ನೂ ನೋಡವಂತೆ.
'ನಮ್ಮ ಮನೀಗೆ ಹೊಂದ್ತಾವ ಬಿಡು' ಅಂದಳು ಉರುಕುಂದಮ್ಮ.

ಮೊದಲು ಒಂದು ತಿಂಗಳು ಬರೀ ನೀರು ಓಡಬೇಕು,
ಕಾಣದ ಹುಳ ಹುಟ್ಟಿ ನೀರು ಹಣ್ಣಾಗಬೇಕು ಅಂದಿದ್ದಾನೆ ದಾದಾಪೀರ.
ಎರಡು ನಳದ ಸರದಿ ಕಾದು ತುಂಬಿಸಿದೆವು.
ಊಟ ಮಾಡಿ ಅದರ ಮುಂದೆ ಕೂರುತ್ತೇವೆ,
ಗುಳ್ಳೆ ಏಳುವುದನ್ನು ನೋಡುತ್ತ.
ಪಕ್ಕದ ಮನೆಯವರು ಬಂದು ಬಗ್ಗಿ ಹುಡುಕುತ್ತಾರೆ.
'ಎಲ್ಲಿ ಅಡಗ್ಯಾವ?'
ಉರುಕುಂದಮ್ಮ ಗಂಭೀರವಾಗಿ
ಕಲ್ಲಿನ ಹಿಂದೆ ಬೆರಳು ತೋರಿಸುತ್ತಾಳೆ.

ಆ ಕಾಗದವನ್ನು ಯೂನಿಟ್ಟಿಗೆ ಒಯ್ದು ಮೊಳೆಗೆ ಹಾಕಿದೆ,
ಮೂವತ್ತೆರಡರ ಮುಂಭಾಗಕ್ಕೂ
ಮೂವತ್ನಾಲ್ಕರ ಹಿಂಭಾಗಕ್ಕೂ ನಡುವೆ.
ಫ್ಯಾನು ತಿರುಗಿದರೆ ಬಾಲ ಅಲ್ಲಾಡುತ್ತದೆ.
ಮೊನ್ನೆ ಸೇರಿದ ಹುಡುಗ ಅದನ್ನೇ ಇಳಿಸಿ,
ಎಂಟು ಪದರ ಡೆನಿಮ್ಮಿನ ಮೇಲೆ ಹಾಸಿ,
ಚಾಕು ಹಿಡಿದು ಕೇಳಿದ:
'ಎಷ್ಟು ಪೀಸು ಹೊಡೀಬೇಕು, ಮಾಸ್ಟರ್?'